ಕಾಯುವ ಬೆಳಕು

ಬೆರಳು ಎರಡಂಗುಲ ಕೆಳಗೆ ಜಾರಿತು. ರಂಗದ ಮೇಲೆ ಸಂಜೆಯಾಯಿತು.

ಹೊಸನಗರ ತಾಲ್ಲೂಕಿನ ಒಂದು ಹೈಸ್ಕೂಲು ಮೈದಾನ. ಡಿಸೆಂಬರಿನ ಇಬ್ಬನಿ ಆಗಲೇ ಶಾಮಿಯಾನದ ಅಂಚಿನಿಂದ ತೊಟ್ಟಿಕ್ಕತೊಡಗಿತ್ತು. ಹವ್ಯಾಸಿ ತಂಡವೊಂದರ ನಾಟಕ. ಜನರ ಬೆನ್ನ ಹಿಂದೆ, ಶಾಲೆಯ ಎರಡು ಬೆಂಚು ಜೋಡಿಸಿದ ಕಡೆ, ಬೆಳಕು ನೋಡಿಕೊಳ್ಳುವವರ ಪಕ್ಕದಲ್ಲಿ ನನಗೆ ಜಾಗ ಸಿಕ್ಕಿತ್ತು. ರಂಗದ ಮೇಲೆ ಒಬ್ಬ ಮುದುಕಿ ಜಗುಲಿಯ ತುದಿಯಲ್ಲಿ ಕೂತು, ಘಟ್ಟದ ಕೆಳಗೆ ಹೋದ ಮಗನ ದಾರಿ ಕಾಯುತ್ತಿದ್ದಾಳೆ. ಮಾತಿಲ್ಲ, ಹಾಡಿಲ್ಲ. ಪಕ್ಕದವರ ತೋರುಬೆರಳು ಫೇಡರಿನ ಮೇಲೆ, ಬೆಳಕು ಏರಿಸಿ ಇಳಿಸುವ ಜಾರುಗುಂಡಿಯ ಮೇಲೆ, ಮೆಲ್ಲಗೆ ಕೆಳಗಿಳಿಯುತ್ತಿದೆ. ಮುದುಕಿಯ ಮುಖದ ಮೇಲಿದ್ದ ಬಿಳಿ ಬಿಸಿಲು ಜೇನಿನ ಬಣ್ಣಕ್ಕೆ ತಿರುಗಿತು. ಜೇನು ಹಣ್ಣಡಿಕೆಯ ಬಣ್ಣವಾಯಿತು. ಹಣ್ಣಡಿಕೆ ಕೆಂಡವಾಯಿತು. ಕೆಂಡವೂ ಆರಿತು. ನನ್ನ ಮುಂದೆ ಕೂತಿದ್ದ ಹೆಂಗಸೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಈಗ ಎಂತ ಮಾಡಿದಿರಿ?" ಎಂದು ಪಿಸುಗುಟ್ಟಿದೆ.

"ಎಂತ ಇಲ್ಲ ಮಾರಾಯ್ರೆ. ಇಳಿಸಿದೆ, ಅಷ್ಟೇ."

ಅಷ್ಟೇ! ಆ ಒಂದು ಮಾತು ನನ್ನನ್ನು ಎಷ್ಟು ದಿನ ಕಾಡಿತು ಅಂದರೆ, ಅದರ ಬೆನ್ನು ಹತ್ತಿ ನಾನು ಹೊಳೆಯ ಹುಟ್ಟಿನವರೆಗೆ ಹೋಗಿ ಬರಬೇಕಾಯಿತು. ಅಲ್ಲಿಯವರೆಗೆ ನನ್ನ ತಿಳಿವಳಿಕೆ ಸರಳವಾಗಿತ್ತು. ನಲ್ಲಿ ತಿರುಗಿಸಿದರೆ ನೀರು ಸಣ್ಣಗಾಗುವ ಹಾಗೆ, ಫೇಡರ್ ಇಳಿಸಿದರೆ ಕರೆಂಟು ಸಣ್ಣಗಾಗುತ್ತದೆ, ದೀಪ ಮಂಕಾಗುತ್ತದೆ. ನೀವೂ ಹಾಗೆಯೇ ಅಂದುಕೊಂಡಿರಬಹುದು. ಆದರೆ ದೀಪವನ್ನು ಮಂಕಾಗಿಸುವ ಡಿಮ್ಮರ್ ಪೆಟ್ಟಿಗೆಯೊಳಗೆ ನಡೆಯುವುದು ಬೇರೆಯೇ, ಮತ್ತು ಅದರಷ್ಟು ಸೊಗಸಾದ ಸಂಗತಿಯನ್ನು ನಾನು ಈಚೆಗೆ ಕಂಡಿಲ್ಲ.

ನಾಟಕ ಮುಗಿದ ಮೇಲೆ ಅವರು ಡಿಮ್ಮರ್ ಪೆಟ್ಟಿಗೆಯ ಪ್ಲಗ್ಗು ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಮುಚ್ಚಳ ತೆಗೆದು ತೋರಿಸಿದರು. ಒಳಗೆ ಆರು ದೀಪಕ್ಕೆ ಆರು ಸಾಲು. ಪ್ರತಿ ಸಾಲಿನಲ್ಲೂ ಬಾಚಣಿಗೆಯಂತೆ ಹಲ್ಲುಹಲ್ಲಾದ ಅಲ್ಯೂಮಿನಿಯಂ ತುಂಡು, ಅದಕ್ಕೆ ಸ್ಕ್ರೂ ಹಾಕಿ ಕೂರಿಸಿದ ಬೆರಳುಗುರಿನಷ್ಟು ಕಪ್ಪು ಬಿಲ್ಲೆ, ಪಕ್ಕದಲ್ಲಿ ತಾಮ್ರದ ತಂತಿ ಸುತ್ತಿದ ಒಂದು ದಪ್ಪ ಉಂಗುರ. ಇಷ್ಟೇ ಸಂಸಾರ. ಅಲ್ಯೂಮಿನಿಯಂ ಮೇಲೆ ಕೈಯಿಟ್ಟೆ. ಮಗುವಿನ ಹಣೆಯಷ್ಟು ಬೆಚ್ಚಗಿತ್ತು, ಅದಕ್ಕಿಂತ ಹೆಚ್ಚಿಲ್ಲ.

ನನಗೆ ಅಲ್ಲಿಯೇ ಸಿಕ್ಕು ಬಿತ್ತು. ಒಂದೊಂದೂ ಸಾವಿರ ವಾಟಿನ ಆರು ದೀಪ. ಎರಡು ಗಂಟೆ ಹೊತ್ತು ಅವುಗಳನ್ನು ಮಂಕಾಗಿಸಿ ಇಟ್ಟಿದ್ದ ಪೆಟ್ಟಿಗೆ ಇದು. ತಡೆದ ಶಕ್ತಿ ಎಲ್ಲಿಗಾದರೂ ಹೋಗಬೇಕಲ್ಲ? ನಿಜವಾಗಿ ತಡೆದಿದ್ದರೆ ಇದರ ಮೇಲೆ ದೋಸೆ ಹುಯ್ಯಬಹುದಿತ್ತು. ಕೇಳಿದೆ. ಅವರು ಮುಚ್ಚಳ ಹಾಕುತ್ತ ಹೇಳಿದರು: "ತಡೆದರೆ ತಾನೆ ಬಿಸಿಯಾಗುವುದು? ಇದು ತಡೆಯುವುದಿಲ್ಲ ಮಾರಾಯ್ರೆ. ಕಾಯ್ತದೆ."

ಅಂಬುತೀರ್ಥದಿಂದ ಬಂದ ತಾಳ

ಏನನ್ನು ಕಾಯುತ್ತದೆ? ಅದು ಗೊತ್ತಾಗಬೇಕಾದರೆ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥಕ್ಕೆ ಹೋಗಬೇಕು. ಸೀತೆಗೆ ಬಾಯಾರಿದಾಗ ರಾಮ ಬಾಣ ಹೊಡೆದು ನೀರು ತರಿಸಿದನೆಂದು ಜನ ನಂಬುವ ಜಾಗ. ಶರದಿಂದ ಹುಟ್ಟಿದ್ದಕ್ಕೆ ಶರಾವತಿ. ಅಲ್ಲಿ ಬೊಗಸೆಯಲ್ಲಿ ಹಿಡಿಯಬಹುದಾದ ನೀರು ಹೊಸನಗರದ ಕಾಡುಗುಡ್ಡಗಳ ನಡುವೆ ಹೊಳೆಯಾಗುತ್ತದೆ, ಸಾಗರದ ಲಿಂಗನಮಕ್ಕಿಯಲ್ಲಿ ಕಡಲಿನಂತೆ ಹರಡಿಕೊಳ್ಳುತ್ತದೆ, ಜೋಗದಲ್ಲಿ 253 ಮೀಟರ್ ಕೆಳಗೆ ಧುಮುಕುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರ: ಮೂರು ತಾಲ್ಲೂಕಿಗೂ ಒಂದೇ ಹೊಳೆ. 1948ರಲ್ಲಿ ಜೋಗದ ಬುಡದಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಸಾಗರ, ಹೊಸನಗರಗಳ ಎಷ್ಟೋ ಊರುಗಳು ಮನೆ, ಗದ್ದೆ, ತೋಟ, ದೇವರ ಬನವನ್ನೆಲ್ಲ ನೀರಿಗೆ ಒಪ್ಪಿಸಿ ಎದ್ದು ಹೋದವು. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು, ಒಂದೊಂದೂ 103.5 ಮೆಗಾವಾಟ್, ಆ ನೀರಿನ ಬಲದಿಂದ ತಿರುಗುತ್ತವೆ.

ಈ ಯಂತ್ರಗಳಿಂದ ಹೊರಡುವ ಕರೆಂಟು ಹೊಳೆಯಂತೆ ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಉಯ್ಯಾಲೆಯಂತೆ ಹೋಗುತ್ತದೆ, ಬರುತ್ತದೆ. ಒಂದು ಸೆಕೆಂಡಿಗೆ 50 ಸಲ ಹೋಗಿ ಬರುತ್ತದೆ. ಉಯ್ಯಾಲೆ ಆಚೆಯಿಂದ ಈಚೆಗೆ ಬರುವಾಗ ನಡುವಿನ ಗೆರೆಯನ್ನು ದಾಟಲೇಬೇಕಲ್ಲ? ಹಾಗೆ ಕರೆಂಟೂ ಸೆಕೆಂಡಿಗೆ 100 ಸಲ ಸೊನ್ನೆಯನ್ನು ದಾಟುತ್ತದೆ. ಅಂದರೆ ಪ್ರತಿ ಹತ್ತು ಮಿಲಿಸೆಕೆಂಡಿಗೊಮ್ಮೆ ನಿಮ್ಮ ಮನೆಯ ತಂತಿಯಲ್ಲಿ, ಒಂದು ಗಳಿಗೆಗೂ ಗಳಿಗೆಯ ಗಳಿಗೆಯಷ್ಟು ಹೊತ್ತು, ಏನೂ ಇರುವುದಿಲ್ಲ!

ಡಿಮ್ಮರ್ ಕಣ್ಣಿಟ್ಟು ಕೂತಿರುವುದು ಆ ಸೊನ್ನೆಗಾಗಿ. ಸೊನ್ನೆ ಬಂದ ಕೂಡಲೇ ಎಣಿಕೆ ಶುರು. ಫೇಡರ್ ಪೂರ್ತಿ ಮೇಲಿದ್ದರೆ ಆ ಕ್ಷಣವೇ ದಾರಿ ಬಿಡುತ್ತದೆ, ದೀಪ ಪೂರ್ಣ ಉರಿಯುತ್ತದೆ. ಫೇಡರ್ ನಡುವಿಗೆ ಬಂದಾಗ ಸುಮಾರು ಐದು ಮಿಲಿಸೆಕೆಂಡು ಸುಮ್ಮನಿದ್ದು ಆಮೇಲೆ ಬಿಡುತ್ತದೆ. ಇನ್ನೂ ಕೆಳಗಿದ್ದರೆ ಎಂಟು ಮಿಲಿಸೆಕೆಂಡು ಕಾದು ಕೊನೆಯ ಎರಡನ್ನು ಮಾತ್ರ ಕೊಡುತ್ತದೆ. ಮತ್ತೆ ಸೊನ್ನೆ, ಮತ್ತೆ ಎಣಿಕೆ. ಸೆಕೆಂಡಿಗೆ ನೂರು ಸಲ, ನಿಮಿಷಕ್ಕೆ ಆರು ಸಾವಿರ ಸಲ, ಎರಡು ಗಂಟೆಯ ನಾಟಕದಲ್ಲಿ ಏಳು ಲಕ್ಷದ ಇಪ್ಪತ್ತು ಸಾವಿರ ಸಲ!

ಸಂಗೀತ ಬಲ್ಲವರಿಗೆ ಇದು ಹೊಸದಲ್ಲ. ತಾಳ ಮೊದಲು ಬೀಳುತ್ತದೆ, ಹಾಡುವವರು ಒಂದಿಷ್ಟು ಬಿಟ್ಟು ಪದ ಎತ್ತಿಕೊಳ್ಳುತ್ತಾರೆ. ಅನಾಗತ ಎಡುಪು ಎನ್ನುತ್ತೇವೆ. ಎಷ್ಟು ಬಿಟ್ಟು ಎತ್ತಿಕೊಳ್ಳಬೇಕು ಎಂಬುದರಲ್ಲೇ ಆ ಕೃತಿಯ ಸೊಗಸು ಇರುತ್ತದೆ. ಮುದುಕಿಯ ಮುಖದ ಮೇಲಿನ ಸಂಜೆಯೂ ಒಂದು ಎಡುಪು. ತಾಳ ಹಾಕುತ್ತಿರುವುದು ಶರಾವತಿ.

ಶರಾವತಿ ಒಬ್ಬಳೇ ಅಲ್ಲ ಎಂಬುದು ಇನ್ನೂ ದೊಡ್ಡ ಸೋಜಿಗ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ವಿದ್ಯುತ್ ಜಾಲ ದೇಶದ ಉಳಿದ ಜಾಲಕ್ಕೆ ಸೇರಿತು. ಅಂದಿನಿಂದ ಜೋಗದ ಯಂತ್ರವೂ ಹಿಮಾಲಯದ ತಪ್ಪಲಿನ ಯಂತ್ರವೂ ಹೆಜ್ಜೆಗೆ ಹೆಜ್ಜೆ ಕೂಡಿಸಿ ತಿರುಗುತ್ತಿವೆ. ಹೊಸನಗರದ ಶಾಲಾ ಮೈದಾನದ ಡಿಮ್ಮರ್, ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಡಿಮ್ಮರ್, ದೆಹಲಿಯ ಯಾವುದೋ ರಂಗಮಂದಿರದ ಡಿಮ್ಮರ್, ಎಲ್ಲವೂ ಒಂದೇ ತಾಳವನ್ನು ಕೇಳುತ್ತ ತಮ್ಮತಮ್ಮ ಪದ ಎತ್ತಿಕೊಳ್ಳುತ್ತವೆ!

ಆ ತಾಳ ಎಷ್ಟು ಮುಖ್ಯ ಎಂಬುದು ಆ ರಾತ್ರಿಯೇ ಗೊತ್ತಾಯಿತು. ಮೂರನೆಯ ದೃಶ್ಯದಲ್ಲಿ ಕರೆಂಟು ಹೋಯಿತು. ಜನ ಕದಲಲಿಲ್ಲ, ಮಲೆನಾಡಿನವರಿಗೆ ಇದು ರೂಢಿ. ಶಾಲೆಯ ಹಿಂದೆ ಡೀಸೆಲ್ ಜನರೇಟರ್ ಗುಡುಗಿತು, ದೀಪ ಬಂತು. ಆದರೆ ಬೆಳಕು ಚಳಿ ಹಿಡಿದವರಂತೆ ನಡುಗುತ್ತಿತ್ತು. ಫೇಡರ್ ಏರಿಸಿದರೆ ಎಂಜಿನ್ನಿಗೆ ಭಾರ, ಭಾರ ಬಿದ್ದ ಕೂಡಲೇ ಅದರ ವೇಗ ತಗ್ಗುತ್ತದೆ, ತಾಳ ಎಳೆಯುತ್ತದೆ, ಎಣಿಸುತ್ತ ಕೂತ ಡಿಮ್ಮರ್ ತಡವರಿಸುತ್ತದೆ. ಬೆಳಕಿನವರು ಉಸಿರು ಬಿಗಿಹಿಡಿದು, ಎಂಜಿನ್ನಿನ ಸದ್ದು ಕೇಳುತ್ತ ಕೇಳುತ್ತ ಒಂದೊಂದೇ ದೀಪವನ್ನು ಏರಿಸಿದರು. ಹೊಸ ಮದ್ದಳೆಗಾರನನ್ನು ಸಂಭಾಳಿಸಿಕೊಂಡು ಹಾಡುವ ಹಿರಿಯ ಭಾಗವತರ ಹಾಗೆ ಕಂಡರು ನನಗೆ.

ತಟ್ಟಿದರೆ ತೆರೆಯುವ ಬಾಗಿಲು

ಆ ಬೆರಳುಗುರಿನಷ್ಟು ಬಿಲ್ಲೆಯ ಹೆಸರು ಥೈರಿಸ್ಟರ್. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರುಗಳು 1957ರಲ್ಲಿ ಇದನ್ನು ಕೆಲಸಕ್ಕೆ ಹಚ್ಚಿದರು. ಇದರ ಸ್ವಭಾವ ವಿಚಿತ್ರ. ಕೊಟ್ಟಿಗೆಯ ಬಾಗಿಲನ್ನು ನೆನಪಿಸಿಕೊಳ್ಳಿ. ಬೆಳಿಗ್ಗೆ ಹುಡುಗನೊಬ್ಬ ಬಂದು ಅಗುಳಿಯನ್ನು ಒಮ್ಮೆ ತಟ್ಟಿದರೆ ಸಾಕು, ದನಗಳು ನುಗ್ಗುತ್ತವೆ. ಆಮೇಲೆ ಅದೇ ಹುಡುಗ ಎಷ್ಟು ದೂಡಿದರೂ ಬಾಗಿಲು ಮುಚ್ಚಲಾಗದು. ಕೊನೆಯ ದನ ದಾಟಿದ ಮೇಲೆಯೇ ಅದು ಮುಚ್ಚಿಕೊಳ್ಳುವುದು. ಥೈರಿಸ್ಟರ್ ಹೀಗೆಯೇ. ಒಂದು ಸಣ್ಣ ಮಿಡಿತ ತಾಗಿದರೆ ತೆರೆದುಕೊಳ್ಳುತ್ತದೆ, ಕರೆಂಟು ಸೊನ್ನೆಗೆ ಬಂದಾಗ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಹೋಗುವ ಕರೆಂಟಿಗೆ ಒಂದು, ಬರುವ ಕರೆಂಟಿಗೆ ಒಂದು ಎಂದು ಇಂಥ ಎರಡನ್ನು ಬೆನ್ನಿಗೆ ಬೆನ್ನು ಹಚ್ಚಿದರೆ ಡಿಮ್ಮರಿನ ಹೃದಯ ಸಿದ್ಧ. ಬಾಗಿಲು ಮುಚ್ಚಿದ್ದಾಗ ಒಳಗೆ ಏನೂ ಹರಿಯುವುದಿಲ್ಲ, ಹಾಗಾಗಿ ಬಿಸಿಯಿಲ್ಲ. ತೆರೆದಿದ್ದಾಗ ಅಡ್ಡಿಯೇ ಇಲ್ಲದಂತೆ ಹರಿಯುತ್ತದೆ, ಆಗಲೂ ಬಿಸಿ ಅಷ್ಟಕ್ಕಷ್ಟೇ. ಸಾವಿರ ವಾಟನ್ನು ದಾಟಿಸುವಾಗ ಅದು ಸುಂಕವೆಂದು ಇಟ್ಟುಕೊಳ್ಳುವುದು ಕೆಲವೇ ವಾಟ್. ಅಲ್ಯೂಮಿನಿಯಂ ಯಾಕೆ ಬೆಚ್ಚಗಷ್ಟೇ ಇತ್ತು ಎಂದು ಈಗ ತಿಳಿಯಿತು!

ಪಕ್ಕದ ತಾಮ್ರದ ಉಂಗುರಕ್ಕೆ ಚೋಕ್ ಎನ್ನುತ್ತಾರೆ. ಕರೆಂಟು ಒಮ್ಮೆಲೇ ನುಗ್ಗಿದರೆ ದೀಪದೊಳಗಿನ ತಂತಿ ವೀಣೆಯ ತಂತಿಯಂತೆ ಅದುರುತ್ತದೆ. ನಿಜವಾಗಿಯೂ ಹಾಡುತ್ತದೆ. ಮಾತಿಲ್ಲದ ದೃಶ್ಯದಲ್ಲಿ ರಂಗದ ಹತ್ತಿರ ಕಿವಿಗೊಟ್ಟರೆ ದೀಪಗಳ ಸಣ್ಣ ಗುಂಯ್‌ಗುಡುವಿಕೆ ಕೇಳುತ್ತದೆ. ಅದು ಜೋರಾಗುವುದು ದೀಪ ಪೂರ್ಣ ಉರಿಯುವಾಗ ಅಲ್ಲ, ನಡುವಿನ ಮಟ್ಟದಲ್ಲಿದ್ದಾಗ. ಯಾಕೆಂದರೆ ಐದನೆಯ ಮಿಲಿಸೆಕೆಂಡಿಗೆ ಅಲೆ ತನ್ನ ನೆತ್ತಿಯಲ್ಲಿರುತ್ತದೆ, ಆಗ ಬಾಗಿಲು ತೆರೆದರೆ ಪೆಟ್ಟು ಎಲ್ಲಕ್ಕಿಂತ ಬಲ. ಚೋಕ್ ಆ ನುಗ್ಗನ್ನು ಹಿಡಿದು ಮೆದುವಾಗಿಸುತ್ತದೆ. ದೀಪದ ಈ ಹಾಡು ಮೈಕಿನ ತಂತಿಗೂ ಹತ್ತಿಕೊಳ್ಳಬಾರದೆಂದು ಬೆಳಕಿನವರು ತಮ್ಮ ವೈರುಗಳನ್ನು ಧ್ವನಿಯ ವೈರುಗಳಿಂದ ದೂರ ಎಳೆಯುತ್ತಾರೆ.

ದೊಂದಿ, ರಾಳ, ಗ್ಯಾಸ್‌ಲೈಟು

ಹಾಗಾದರೆ ಇದಕ್ಕಿಂತ ಮುಂಚೆ? ರಂಗದ ಬೆಳಕನ್ನು ಏರಿಸಿ ಇಳಿಸುವ ಆಸೆ ಕರೆಂಟಿನ ಜೊತೆ ಹುಟ್ಟಿದ್ದಲ್ಲ. ನಮ್ಮ ಮೂರೂ ತಾಲ್ಲೂಕಿನ ಗದ್ದೆಬಯಲುಗಳಲ್ಲಿ ದೊಂದಿಯ ಬೆಳಕಿನಲ್ಲಿ ಯಕ್ಷಗಾನ ನಡೆಯುತ್ತಿದ್ದ ಕಾಲದಲ್ಲಿ ದೊಂದಿ ಹಿಡಿದವನೇ ಡಿಮ್ಮರ್. ವೇಷದಿಂದ ನಾಲ್ಕಡಿ ದೂರದಲ್ಲಿದ್ದ ದೊಂದಿ ಎರಡಡಿಗೆ ಬಂದರೆ ಮುಖದ ಮೇಲಿನ ಬೆಳಕು ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಭೌತಶಾಸ್ತ್ರದ ಈ ನಿಯಮ ಅವನ ತೋಳಿಗೆ ಗೊತ್ತಿತ್ತು. ಬಣ್ಣದ ವೇಷ ತೆರೆಯ ಹಿಂದೆ ಅಬ್ಬರಿಸಿ ಹೊರಬರುವ ಹೊತ್ತಿಗೆ ಬೆಂಕಿಗೆ ಒಂದು ಹಿಡಿ ರಾಳದ ಪುಡಿ ಎರಚುತ್ತಿದ್ದರು. ಮರದ ಅಂಟಿನ ಉಂಡೆ ಮೆಲ್ಲಗೆ ಉರಿಯುತ್ತದೆ. ಅದನ್ನೇ ಕುಟ್ಟಿ ಪುಡಿ ಮಾಡಿ ಗಾಳಿಗೆ ಹಾರಿಸಿದರೆ ಪ್ರತಿ ಕಣವನ್ನೂ ಗಾಳಿ ಸುತ್ತುವರಿದು ಎಲ್ಲ ಒಟ್ಟಿಗೆ ಭಗ್ಗೆನ್ನುತ್ತದೆ. ಕಣ್ಣು ಕೋರೈಸುವ ಆ ಒಂದು ಕ್ಷಣದಲ್ಲಿ ರಾಕ್ಷಸ ಹುಟ್ಟುತ್ತಿದ್ದ!

ಆಮೇಲೆ ಗ್ಯಾಸ್‌ಲೈಟು ಬಂತು. ರಂಗಸ್ಥಳದ ಕಂಬಕ್ಕೆ ಅದನ್ನು ಕಟ್ಟಿದ್ದನ್ನು, ಜಾವದ ಹೊತ್ತಿಗೆ ಬೆಳಕು ಹಳದಿಗೆ ತಿರುಗಿದಾಗ ಒಬ್ಬ ಕಂಬಳಿ ಹೊದ್ದವನು ಬಂದು ಪಂಪು ಹೊಡೆಯುತ್ತಿದ್ದುದನ್ನು ಹಿರಿಯರು ಇವತ್ತೂ ಹೇಳುತ್ತಾರೆ. ಹತ್ತು ಸಲ ಒತ್ತಿದರೆ ಸೀಮೆಎಣ್ಣೆ ಮತ್ತೆ ರಭಸದಿಂದ ಆವಿಯಾಗಿ ಉರಿದು, ಬಲೆಯಂಥ ಮ್ಯಾಂಟಲ್ ಬೆಳ್ಳಗೆ ಹೊಳೆಯುತ್ತಿತ್ತು. ಆ ಮ್ಯಾಂಟಲ್ಲಿನ ಬಿಳುಪಿಗೆ ಥೋರಿಯಂ ಕಾರಣ. 1909ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿಯೊಬ್ಬ ತಿರುವಾಂಕೂರಿನ ಕಡಲ ಮರಳಿನಲ್ಲಿ ಥೋರಿಯಂ ಇರುವುದನ್ನು ಕಂಡುಕೊಂಡ ಮೇಲೆ ಆ ಮರಳು ಹಡಗು ತುಂಬಿ ಯುರೋಪಿಗೆ ಹೋಗತೊಡಗಿತು. ನಮ್ಮದೇ ಪಡುಗಡಲ ದಂಡೆಯ ಮರಳು ಲೋಕ ಸುತ್ತಿ, ಬಲೆಯಾಗಿ ಹೊಳೆಯಿತು!

ಹೊರಗಿನ ಲೋಕದಲ್ಲಿ ಅಷ್ಟರೊಳಗೆ ಕರೆಂಟು ರಂಗ ಹತ್ತಿತ್ತು. ಲಂಡನ್ನಿನ ಸವಾಯ್ ಥಿಯೇಟರಿನಲ್ಲಿ 1881ರಲ್ಲಿಯೇ ಸುಮಾರು 1,200 ವಿದ್ಯುದ್ದೀಪ ಉರಿದವು. ಆದರೆ ಅವುಗಳನ್ನು ಮಂಕಾಗಿಸಲು ಆಗ ಇದ್ದದ್ದು ಒಂದೇ ಉಪಾಯ, ದಾರಿಯಲ್ಲಿ ಅಡ್ಡಿ ಇಡುವುದು. ಉದ್ದುದ್ದ ತಂತಿಯ ಸುರುಳಿಗಳನ್ನು ಅಡ್ಡ ಹಾಕಿ ಕರೆಂಟನ್ನು ತಡೆಯುತ್ತಿದ್ದರು. ತಡೆದದ್ದೆಲ್ಲ ಬಿಸಿಯಾಗುತ್ತಿತ್ತು. ಬಡ ರಂಗಭೂಮಿಗಳಿಗೆ, ನಮ್ಮ ದೇಶದ ಹವ್ಯಾಸಿ ತಂಡಗಳಿಗೂ, ಅದಕ್ಕಿಂತ ಅಗ್ಗದ ದಾರಿ ಉಪ್ಪುನೀರು. ಪಾತ್ರೆಯೊಂದರ ತುಂಬ ಉಪ್ಪುನೀರು, ತಳದಲ್ಲಿ ಒಂದು ಲೋಹದ ತಗಡು, ಮೇಲಿನಿಂದ ಹಗ್ಗದಲ್ಲಿ ಇಳಿಬಿಟ್ಟ ಇನ್ನೊಂದು ತಗಡು. ತಗಡುಗಳು ಹತ್ತಿರ ಬಂದರೆ ದೀಪ ಬೆಳಗುತ್ತದೆ, ದೂರವಾದರೆ ಮಂಕಾಗುತ್ತದೆ. ಬರಿ ನೀರಿನಲ್ಲಿ ಕರೆಂಟು ಹರಿಯುವುದು ಕಷ್ಟ, ಉಪ್ಪು ಬಿದ್ದರೆ ದಾರಿ ಸಲೀಸು. ಎಷ್ಟು ಉಪ್ಪು ಎಂಬುದು ಅಡುಗೆಯವರ ಹಾಗೆ ಕೈ ಅಳತೆ. ನಾಟಕ ಮುಗಿಯುವ ಹೊತ್ತಿಗೆ ನೀರು ಹಬೆಯಾಡುತ್ತಿತ್ತು. ಮುಟ್ಟಿದರೆ ಜೀವಕ್ಕೇ ಅಪಾಯ. ಆದರೂ ಹಗ್ಗ ಹಿಡಿದ ಆ ಕೈಗಳು ರಂಗದ ಮೇಲೆ ಸೂರ್ಯನನ್ನು ಮುಳುಗಿಸಿದವು. ಎಂಥ ಧೈರ್ಯ, ಎಂಥ ಆಸೆ!

ನಮ್ಮ ಭಾಷೆ ಇಲ್ಲಿ ನನ್ನನ್ನು ಬೆರಗಾಗಿಸಿತು. ಕನ್ನಡದಲ್ಲಿ ನೀರು ಕಾಯುತ್ತದೆ, ಮನುಷ್ಯರೂ ಕಾಯುತ್ತಾರೆ. ಬಿಸಿಯಾಗುವುದಕ್ಕೂ ದಾರಿ ನೋಡುವುದಕ್ಕೂ ನಮಗೆ ಒಂದೇ ಶಬ್ದ. ಹಳೆಯ ಡಿಮ್ಮರ್ ಕಾಯುತ್ತಿತ್ತು, ಹೊಸ ಡಿಮ್ಮರೂ ಕಾಯುತ್ತದೆ. ಒಂದು ಅರ್ಥದಿಂದ ಇನ್ನೊಂದು ಅರ್ಥಕ್ಕೆ ದಾಟಲು ಮನುಷ್ಯಕುಲಕ್ಕೆ ಮುಕ್ಕಾಲು ಶತಮಾನ ಹಿಡಿಯಿತು.

ತಂತಿ ಇಳಿಸಿದ್ದನ್ನು ಕಣ್ಣು ಎತ್ತುತ್ತದೆ

ಸೆಕೆಂಡಿಗೆ ನೂರು ಸಲ ಕರೆಂಟು ಬಂದು ಹೋಗುತ್ತಿದ್ದರೂ ದೀಪ ಮಿಣುಕುವುದಿಲ್ಲವಲ್ಲ, ಯಾಕೆ? ಈ ಸಲ ಕಾಯುವುದು ದೀಪದ ತಂತಿ. ಪೂರ್ಣ ಉರಿಯುವ ಹ್ಯಾಲೊಜೆನ್ ದೀಪದ ಟಂಗ್‌ಸ್ಟನ್ ತಂತಿಯ ಬಿಸಿ ಸುಮಾರು 2,900 ಡಿಗ್ರಿ ಸೆಲ್ಸಿಯಸ್. ಟಂಗ್‌ಸ್ಟನ್ ಕರಗುವುದೇ 3,422 ಡಿಗ್ರಿಗೆ. ಅಷ್ಟು ಕಾದದ್ದು ಕೆಲವು ಮಿಲಿಸೆಕೆಂಡಿನಲ್ಲಿ ಆರುವುದಿಲ್ಲ. ಅಡುಗೆ ಮುಗಿದ ಮೇಲೂ ಒಲೆಯ ಬೂದಿಯಡಿ ಕೆಂಡ ಇರುವಂತೆ, ಒಂದು ಮಿಡಿತದಿಂದ ಇನ್ನೊಂದು ಮಿಡಿತದವರೆಗೆ ಅದು ತನ್ನ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಮುದುಕಿಯ ಮುಖದ ಮೇಲೆ ಬಿಳುಪು ಜೇನಾಗಿ, ಜೇನು ಕೆಂಡವಾದದ್ದೂ ಇದರಿಂದಲೇ. ತಂತಿ ತಣ್ಣಗಾದಂತೆ ಅದರ ಬಣ್ಣ ಕೆಂಪಿನ ಕಡೆ ಸರಿಯುತ್ತದೆ. ಯಾರೂ ಬಣ್ಣದ ಹಾಳೆ ಹಿಡಿದಿರಲಿಲ್ಲ.

ಚಳಿಗೆ ಕೂತ ತಂತಿಯದು ಬೇರೆ ಕಥೆ. ಸಾವಿರ ವಾಟಿನ ದೀಪ ಉರಿಯುವಾಗ ಅದರ ತಂತಿಯ ಪ್ರತಿರೋಧ 53 ಓಮ್. ಅದೇ ತಂತಿ ತಣ್ಣಗಿರುವಾಗ ಅದು ನಾಲ್ಕು ಓಮಿನ ಆಸುಪಾಸು. ಹಾಗಾಗಿ ತಣ್ಣನೆಯ ದೀಪವನ್ನು ಒಮ್ಮೆಲೇ ಪೂರ್ಣ ಏರಿಸಿದರೆ ಕರೆಂಟು ಹತ್ತಾರು ಪಟ್ಟು ನುಗ್ಗಿ ತಂತಿ ಕಡಿದೀತು. ಅದಕ್ಕೇ ನಾಟಕ ಶುರುವಾಗುವ ಮೊದಲು ಬೆಳಕಿನವರು ಎಲ್ಲ ದೀಪಗಳನ್ನೂ ಕಣ್ಣಿಗೆ ಕಾಣದಷ್ಟು ಮಂದವಾಗಿ ಹೊತ್ತಿಸಿ ಇಡುತ್ತಾರೆ. ಅವರು ಅಂದು ರಾತ್ರಿ ಹಾಗೆ ಮಾಡಿದ್ದನ್ನು ಹತ್ತಿರದಿಂದ ನೋಡಿದೆ. ಹತ್ತಿರದ ಸ್ಪಾಟಿನ ಗಾಜಿನೊಳಗೆ ಊದುಬತ್ತಿಯ ತುದಿಯಷ್ಟು ಒಂದು ಕೆಂಪು ಗೀಟು. ರಂಗ ಕತ್ತಲಾಗಿಯೇ ಇತ್ತು. ದೀಪಗಳಿಗೆ ಮಾತ್ರ ಎಚ್ಚರವಾಗಿತ್ತು.

ಇನ್ನು ನನಗೆ ರೋಮಾಂಚನವಾದ ಲೆಕ್ಕ. ದೀಪಕ್ಕೆ ಅರ್ಧ ವೋಲ್ಟೇಜ್ ಕೊಟ್ಟರೆ ಬೆಳಕು ಅರ್ಧವಾಗಬೇಕು ತಾನೆ? ಆಗುವುದಿಲ್ಲ. ಸುಮಾರು ಹತ್ತರಲ್ಲೊಂದು ಪಾಲಿಗೆ ಕುಸಿಯುತ್ತದೆ. ತಂತಿ ಸ್ವಲ್ಪ ತಣ್ಣಗಾದರೂ ಬೆಳಕು ಬಹಳ ಇಳಿಯುತ್ತದೆ. ಹಾಗಾದರೆ ಫೇಡರ್ ಅರ್ಧಕ್ಕೆ ಬಂದಾಗ ರಂಗ ಕತ್ತಲಾಗಬೇಕಿತ್ತಲ್ಲ? ಇಲ್ಲಿ ನಮ್ಮ ಕಣ್ಣು ಬಂದು ಕೈಹಿಡಿಯುತ್ತದೆ. ಕಣ್ಣಿಗೂ ನೇರ ಲೆಕ್ಕ ಬರುವುದಿಲ್ಲ. ಹತ್ತರಲ್ಲೊಂದು ಪಾಲು ಬೆಳಕು ನಮಗೆ ಕಾಣುವುದು ಹೆಚ್ಚುಕಡಿಮೆ ಅರ್ಧ ಬೆಳಕಿನಂತೆ! ತಂತಿ ಎಷ್ಟು ಕೆಳಗಿಳಿಸುತ್ತದೋ ಕಣ್ಣು ಸುಮಾರಾಗಿ ಅಷ್ಟೇ ಮೇಲೆತ್ತುತ್ತದೆ. ಒಂದು ಗಾಜಿನ ಬುರುಡೆಯೊಳಗಿನ ಲೋಹ, ಇನ್ನೊಂದು ತಲೆಬುರುಡೆಯೊಳಗಿನ ನರ. ಒಂದನ್ನೊಂದು ಕಂಡೇ ಇಲ್ಲ. ಆದರೂ ಎರಡರ ವಕ್ರತೆ ಸೇರಿ ನೇರವಾಗುತ್ತದೆ, ಬೆರಳು ಅರ್ಧ ಇಳಿದರೆ ಬೆಳಕೂ ಅರ್ಧ ಇಳಿದಂತೆ ಕಾಣುತ್ತದೆ.

ಹೆಗ್ಗೋಡಿನ ದೀಪ

ಸಾಗರದ ಹತ್ತಿರದ ಹೆಗ್ಗೋಡಿನ ಹೆಸರೆತ್ತದೆ ಈ ನೆಲದಲ್ಲಿ ರಂಗದ ಬೆಳಕಿನ ಮಾತು ಮುಗಿಯಲಾರದು. 1949ರಲ್ಲಿ ಅಡಿಕೆ ತೋಟಗಳ ನಡುವೆ ಹುಟ್ಟಿದ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಜನರ ಬಾಯಲ್ಲಿ ನೀನಾಸಮ್, ಕೆ.ವಿ. ಸುಬ್ಬಣ್ಣನವರ ಕನಸಿನ ಬೆನ್ನೇರಿ ಬೆಳೆಯಿತು. ಎಪ್ಪತ್ತರ ದಶಕದ ಶುರುವಿನಲ್ಲಿ ಅಲ್ಲಿ ಶಿವರಾಮ ಕಾರಂತ ರಂಗಮಂದಿರ ಎದ್ದಿತು. ಹಳ್ಳಿಯೊಂದರಲ್ಲಿ ಸರ್ವಸಜ್ಜಿತ ರಂಗಮಂದಿರ! 1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯಿತು. ಅಭಿನಯ ಕಲಿಯಲು ಬಂದವರು ಅಲ್ಲಿ ಬೆಳಕು ಕಟ್ಟುವುದನ್ನೂ ಕಲಿಯುತ್ತಾರೆ. 1985ರಲ್ಲಿ ಹೊರಟ 'ತಿರುಗಾಟ' ತಂಡ ನಾಟಕಗಳ ಜೊತೆ ರಂಗಸಜ್ಜಿಕೆ, ಉಡುಪು, ದೀಪಗಳನ್ನೂ ಹೊತ್ತು ಊರೂರು ಸುತ್ತತೊಡಗಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ದೀಪ ಹೊತ್ತು ಊರೂರು ಸುತ್ತುವುದು ಎಂದರೇನೆಂದು ಯೋಚಿಸಿ. ಬೆಳಿಗ್ಗೆ ಊರು ಮುಟ್ಟಿ, ಕಂಬ ನಿಲ್ಲಿಸಿ, ದೀಪ ಕಟ್ಟಿ, ಏಣಿ ಹತ್ತಿ ಒಂದೊಂದರ ಮುಖ ತಿದ್ದಿ, ರಾತ್ರಿ ನಾಟಕವಾಡಿ, ಎಲ್ಲ ಬಿಚ್ಚಿ ಮುಂದಿನ ಊರಿಗೆ ಹೊರಡಬೇಕು. ಪ್ರತಿ ಊರಿನ ಕರೆಂಟಿಗೆ ಪ್ರತ್ಯೇಕ ಸ್ವಭಾವ. 230 ಬರಬೇಕಾದಲ್ಲಿ ಸಂಜೆಯ ಪಂಪ್‌ಸೆಟ್ಟುಗಳ ಹೊತ್ತಿಗೆ 180 ವೋಲ್ಟ್ ಬಂದರೆ, ಮೇಲೆ ಹೇಳಿದ ಲೆಕ್ಕದಂತೆ, ದೀಪ ಅರ್ಧಕ್ಕಿಂತ ಕಡಿಮೆ ಬೆಳಕು ಕೊಡುತ್ತದೆ. ನಿನ್ನೆಯ ಊರಿನಲ್ಲಿ ಮಧ್ಯಾಹ್ನವಾಗಿದ್ದದ್ದು ಇವತ್ತಿನ ಊರಿನಲ್ಲಿ ಮೋಡ ಕವಿದ ದಿನ. ಆಗ ಬೆಳಕಿನವರು ಉಳಿದ ದೀಪಗಳನ್ನೂ ಅದೇ ಅಳತೆಗೆ ಇಳಿಸುತ್ತಾರೆ. ಸುತ್ತ ಕತ್ತಲಿದ್ದರೆ, ಕತ್ತಲಿಗೆ ಇಪ್ಪತ್ತು ನಿಮಿಷ ಹೊಂದಿಕೊಂಡ ಕಣ್ಣಿಗೆ, ಮೋಡವೂ ಮಧ್ಯಾಹ್ನವಾಗಿ ಕಾಣುತ್ತದೆ. ಕೋಲ್ಕತ್ತದ ಬೆಳಕಿನ ವಿನ್ಯಾಸಕ ತಾಪಸ್ ಸೇನ್ 1959ರ 'ಅಂಗಾರ್' ನಾಟಕದಲ್ಲಿ ಗಣಿಯೊಳಗೆ ನೀರು ನುಗ್ಗುವುದನ್ನು ಬರಿ ಬೆಳಕಿನಿಂದ ತೋರಿಸಿದ್ದರು. ಒಂದು ಹನಿ ನೀರಿಲ್ಲ, ಆದರೂ ಪ್ರೇಕ್ಷಕರು ನೀರು ಏರುವುದನ್ನು ಕಂಡರು. ನಮ್ಮಲ್ಲಿ ವಿ. ರಾಮಮೂರ್ತಿಯವರಂಥವರು ಬೆಳಕಿನ ವಿನ್ಯಾಸವನ್ನೇ ಒಂದು ಕಲೆಯಾಗಿ ನಿಲ್ಲಿಸಿದರು. ಇವರೆಲ್ಲರ ಬಂಡವಾಳ ದೀಪದ ವಾಟ್ ಅಲ್ಲ, ಅದರ ಸುತ್ತಲಿನ ಕತ್ತಲು.

ಫೇಡರಿನಿಂದ ಡಿಮ್ಮರಿನವರೆಗೆ ಈಗ ಹೋಗುವುದು ಒಂದು ಸಣ್ಣ ಕೇಬಲ್. ಅದರೊಳಗಿನ ಭಾಷೆಗೆ ಡಿಎಂಎಕ್ಸ್ 512 ಎಂದು ಹೆಸರು, 1986ರಲ್ಲಿ ರೂಪುಗೊಂಡದ್ದು. ಅದು ಕೆಲಸ ಮಾಡುವ ರೀತಿ ನಮ್ಮ ಊಟದ ಪಂಕ್ತಿಯದೇ. ಬಡಿಸುವವರು ಯಾರ ಹೆಸರನ್ನೂ ಕೂಗುವುದಿಲ್ಲ. ಮೊದಲು ಒಂದು ಚಿಕ್ಕ ಮೌನ, ಪಂಕ್ತಿ ಶುರುವಾಯಿತು ಎಂದರ್ಥ. ಆಮೇಲೆ ಒಂದರ ಹಿಂದೊಂದು ಅಂಕಿ. ಪ್ರತಿ ಡಿಮ್ಮರೂ ತನ್ನ ಎಲೆ ಎಷ್ಟನೆಯದೆಂದು ಎಣಿಸಿಕೊಂಡು, ತನ್ನ ಸರದಿಯ ಅಂಕಿಯನ್ನಷ್ಟೇ ಎತ್ತಿಕೊಳ್ಳುತ್ತದೆ. 0 ಅಂದರೆ ಕತ್ತಲು, 255 ಅಂದರೆ ಪೂರ್ಣ ಬೆಳಕು. 512 ಎಲೆಗಳ ಇಡೀ ಪಂಕ್ತಿಗೆ ಒಂದು ಸುತ್ತು ಬಡಿಸಿ ಮುಗಿಸಲು ಸೆಕೆಂಡಿನ ನಲವತ್ತನೆಯ ಒಂದು ಭಾಗವೂ ಬೇಡ!

ಈಗ ಎಲ್‌ಇಡಿ ಬಂದಿದೆ. ಅದರಲ್ಲಿ ತಂತಿಯೂ ಇಲ್ಲ, ಕೆಂಡವೂ ಇಲ್ಲ. ಕರೆಂಟು ನಿಂತ ಕ್ಷಣವೇ ಕತ್ತಲು. ಹಾಗಾಗಿ ಅದನ್ನು ಮಂದಗೊಳಿಸಲು ಸೆಕೆಂಡಿಗೆ ಸಾವಿರಾರು ಸಲ ಹಚ್ಚಿ ಆರಿಸುತ್ತಾರೆ. ಹಚ್ಚಿದ ಹೊತ್ತು ಕಡಿಮೆ, ಆರಿಸಿದ ಹೊತ್ತು ಹೆಚ್ಚು ಮಾಡಿದರೆ ಮಂದ. ಇಲ್ಲೂ ಕಾಯುವುದೇ. ತಂತಿ ಮಾಡುತ್ತಿದ್ದ ಮೆದುಗೊಳಿಸುವ ಕೆಲಸವನ್ನು ಈಗ ನಮ್ಮ ಕಣ್ಣೊಂದೇ ಮಾಡಬೇಕು. ಕತ್ತಲಿನ ಅಂಚಿನಲ್ಲಿ 256 ಮೆಟ್ಟಿಲು ಸಾಲದೆ ಬೆಳಕು ಮುಗ್ಗರಿಸುತ್ತದೆಂದು 65,536 ಮೆಟ್ಟಿಲುಗಳನ್ನು ಕಟ್ಟುತ್ತಾರೆ. ಮಂದವಾದಾಗ ಎಲ್‌ಇಡಿಯ ಬಣ್ಣ ಕೆಂಪಾಗುವುದಿಲ್ಲ, ಅದಕ್ಕೇ ವಿನ್ಯಾಸಕರು ಇಳಿಯುವ ಬಿಳಿಗೆ ಒಂದಿಷ್ಟು ಕಿತ್ತಳೆ ಬಣ್ಣ ಬೆರೆಸಿ ಕೊಡುತ್ತಾರೆ. ಮನುಷ್ಯರಿಗೆ ಆರುವ ಬೆಳಕು ಕೆಂಪಾಗಿಯೇ ಇರಬೇಕು. ಒಲೆಯಿಂದ, ದೊಂದಿಯಿಂದ, ಪಡುವಣದ ಸೂರ್ಯನಿಂದ ಕಲಿತ ಅಭ್ಯಾಸ ಅದು.

ಆ ರಾತ್ರಿ ಎಲ್ಲ ಕಟ್ಟಿ ಮುಗಿಯುವ ಹೊತ್ತಿಗೆ ಒಂದೂವರೆ ಗಂಟೆ. ಜೀಪಿನಲ್ಲಿ ಡಿಮ್ಮರ್ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ಇಟ್ಟರು. ನಾನು ಕೊನೆಯದಾಗಿ ಒಂದು ಕೇಳಿದೆ. ಮುದುಕಿಯ ದೃಶ್ಯ ಇಳಿಸುವಾಗ ಎಷ್ಟು ಹೊತ್ತು ಎಂದು ಲೆಕ್ಕವಿಟ್ಟಿದ್ದಿರಾ?

"ಚೀಟಿಯಲ್ಲಿ ಹದಿನೈದು ಸೆಕೆಂಡು ಅಂತ ಇದೆ," ಅಂದರು. "ಆದರೆ ಅಜ್ಜಿ ಪಾತ್ರದವರು ದಾರಿ ನೋಡುವುದನ್ನು ಬಿಡುವವರೆಗೆ ನಾನು ಪೂರ್ತಿ ಇಳಿಸುವುದಿಲ್ಲ. ಇವತ್ತು ಅವರು ಬಹಳ ಹೊತ್ತು ನೋಡಿದರು. ಕಾದೆ."

ರಂಗದ ಮೇಲೆ ಅಜ್ಜಿ ಮಗನನ್ನು ಕಾದಳು. ಅವಳ ಕಣ್ಣು ಕೆಳಗಿಳಿಯುವುದನ್ನು ಇವರ ಬೆರಳು ಕಾಯಿತು. ಆ ಬೆರಳಿನ ಕೆಳಗೆ ಪೆಟ್ಟಿಗೆ ಸೆಕೆಂಡಿಗೆ ನೂರು ಸಲ ಸೊನ್ನೆಯನ್ನು ಕಾಯಿತು. ದೀಪದೊಳಗೆ ತಂತಿ ಕಾಯಿತು. ಅಲ್ಲಿಂದ ಗುಡ್ಡಗಳಾಚೆ, ಲಿಂಗನಮಕ್ಕಿಯ ಕಟ್ಟೆಯ ಹಿಂದೆ, ಮಳೆಗಾಲದಲ್ಲಿ ಅಂಬುತೀರ್ಥದಿಂದ ಹೊರಟ ನೀರು ತನ್ನ ಸರದಿಗಾಗಿ ನಿಂತಿತ್ತು.

ಜೀಪು ಹೊರಟಿತು. ಅದರ ಹಿಂದಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಗುವವರೆಗೆ ನಾನು ಮೈದಾನದಲ್ಲೇ ನಿಂತಿದ್ದೆ.